ಮೊದಲ ಪದ್ಯಕ್ಕೂ ಮುಂಚೆ

ಆಷಾಢ ಹಿಡಿಯಿತೆಂದರೆ ಗೌಸ ಮಾಸ್ತರರ ಮನೆಯಲ್ಲಿ ಜ್ಯೇಷ್ಠಮಧುವಿನ ಡಬ್ಬಿ ಅಟ್ಟದಿಂದ ಕೆಳಗಿಳಿಯುತ್ತಿತ್ತು. ಬೆಳಗಿನ ನಮಾಜು ಮುಗಿಸಿ ಬಂದು ಅದರ ಒಂದು ಚೂರನ್ನು ದವಡೆಗೆ ಒತ್ತಿಕೊಂಡು, ನಡುಮನೆಯ ಕಿಟಕಿಯ ಹತ್ತಿರ ಕೂತು ಅವರು ಪುರಾಣದ ಪದ್ಯಗಳನ್ನು ಒಂದೊಂದಾಗಿ ತಿದ್ದಿಕೊಳ್ಳುತ್ತಿದ್ದರು. ಮೂವತ್ತೈದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದ ದನಿ. ಬ್ಯಾಡಗಿಯ ಆ ಓಣಿಗೆ ಅದು ಹೊಸದಲ್ಲ. ಓಣಿಯ ಬಸವಣ್ಣನ ಗುಡಿಯಲ್ಲಿ ಶ್ರಾವಣದ ಒಂದು ತಿಂಗಳು ಸಂಜೆ ಪುರಾಣ ನಡೆಯುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದಬೇಕು, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳಬೇಕು. ಅರ್ಥ ಹೇಳುವವರು ಹಾಲೇಶಪ್ಪ, ಮಾಸ್ತರರ ಜೊತೆ ಒಂದೇ ಶಾಲೆಯಲ್ಲಿ ಕಲಿಸಿದವರು. ಓದುವವರು ಮಹಮ್ಮದಗೌಸ ಮಾಸ್ತರರು. ಇಪ್ಪತ್ತಾರು ಶ್ರಾವಣದಿಂದ ಆ ಜೋಡಿ ತಪ್ಪಿರಲಿಲ್ಲ.

ಮಾಸ್ತರರ ಹೆಂಡತಿ ಮಹಮೂದಾಬೇಗಂ ಒಂದು ದಿನವೂ ಗುಡಿಗೆ ಹೋಗಿ ಕೇಳಿದವಳಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಹೋಗುವುದು ಅವಳಿಗೆ ತೋಚಿರಲಿಲ್ಲ, ಅಷ್ಟೆ. ಐದು ಹೊತ್ತಿನ ನಮಾಜು, ರೊಟ್ಟಿ, ಬಿಡುವಿದ್ದಾಗ ಮೆಣಸಿನಕಾಯಿಯ ತೊಟ್ಟು ಮುರಿಯುವುದು, ಇಷ್ಟರೊಳಗೆ ಅವಳ ದಿನ. ಆದರೆ ನಡುಮನೆಯಲ್ಲಿ ಅವರು ಓದುತ್ತಿದ್ದರೆ, ಯಾವ ಸಾಲಿನಲ್ಲಿ ಉಸಿರು ನಿಲ್ಲುತ್ತದೆ, ಯಾವುದರಲ್ಲಿ ದನಿ ಏರುತ್ತದೆ ಎಂಬುದು ಒಲೆಯ ಮುಂದೆ ಕೂತವಳಿಗೆ ಪೂರಾ ಗೊತ್ತು. ಅರ್ಥ ಎಲ್ಲಾ ತಿಳಿಯದಿದ್ದರೂ, ಒಂದು ಪದ ತಪ್ಪಿದರೆ ರೊಟ್ಟಿ ಬಡಿಯುವ ಕೈ ತಾನಾಗಿ ನಿಲ್ಲುತ್ತಿತ್ತು.

ಅದು ಎರಡು ಸಾವಿರದ ಎಂಟನೇ ಇಸವಿ. ಮಗಳು ಜರೀನಾ ದಿನಾ ಬಸ್ಸು ಹಿಡಿದು ಹಾವೇರಿಗೆ ಹೋಗಿ ಎಂ.ಎ. ಓದುತ್ತಿದ್ದಳು. ಕಡೇ ವರ್ಷಕ್ಕೆ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ಇಂದಿನ ಜಗತ್ತಿನಲ್ಲಿ ಬೇರೆ ಬೇರೆ ಧರ್ಮದವರ ನಡುವಿನ ಸಂಬಂಧ ಎಂಬುದು ವಿಷಯ. ಜೊತೆಯವರು ದರ್ಗಾ, ಮಠ ಎಂದು ಊರೂರು ತಿರುಗುತ್ತಿದ್ದರೆ, ಇವಳ ಗೈಡು ಮಾತ್ರ, ನಿನಗೆ ನಿನ್ನ ಮನೆಯೇ ಸಾಕಲ್ಲಮ್ಮ ಎಂದಿದ್ದರು. ಹಾಗಾಗಿ ಜರೀನಾ ಒಂದು ಬೆಳಿಗ್ಗೆ ನೋಟುಬುಕ್ಕು ಹಿಡಿದು ಅಡುಗೆಮನೆಗೆ ಬಂದಳು.

“ಅಮ್ಮೀ, ಗುಡಿಗೆ ಹೋಗೂ ಮುಂದ ಅಬ್ಬಾ ಏನೇನ ಮಾಡತಾರ?”

“ಏನ ಮಾಡತಾರ, ಅಂಗಿ ಹಾಕ್ಕೋತಾರ.”

“ಅದಲ್ಲ. ಪದ್ಧತಿ ಅಂತ ಏನರೆ ಇರತೈತಲ್ಲ.”

ಮಹಮೂದಾ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಿರುಗಿಸಿದಳು. ನಮಾಜಿಗೆ ಮಾಡುವ ಹಾಗೆಯೇ ಕೈ, ಮುಖ, ಕಾಲು ತೊಳೆದು ವಜೂ ಮಾಡುತ್ತಾರೆ ಎಂದಳು. ಅಷ್ಟು ಹೇಳಿ ಸುಮ್ಮನಿರಬಹುದಿತ್ತು. ಮಗಳು ಪೆನ್ನು ಹಿಡಿದು ಕಾಯುತ್ತಿದ್ದಳು.

“ಮತ್ತ, ಮೈಕಿನ ಮುಂದ ಕುಂತ ಮ್ಯಾಲೆ, ಮೊದಲನೇ ಪದ್ಯಕ್ಕಿಂತ ಮುಂಚೆ, ಮನಸಿನ್ಯಾಗ ಬಿಸ್ಮಿಲ್ಲಾ ಅಂತಾರ. ಹಾಲೇಶಪ್ಪಣ್ಣಗ ಸೈತ ಗೊತ್ತಿಲ್ಲ ಅದು.”

ಇಪ್ಪತ್ತಾರು ವರ್ಷದ ಹಿಂದೆ, ಮೊದಲ ಶ್ರಾವಣದಲ್ಲಿ ಅವಳೇ ಹೆದರಿಕೊಂಡು ಕೇಳಿದ್ದಳು, ಇದು ನಡೆದೀತೇನ್ರಿ ಎಂದು. ಮಾಸ್ತರರು ಚಪ್ಪಲಿ ಮೆಟ್ಟುತ್ತಾ, ನಾನು ಯಾವ ಒಳ್ಳೆಯ ಕೆಲಸ ಶುರುಮಾಡುವಾಗಲೂ ಆ ಹೆಸರು ಹೇಳದೆ ಮಾಡಿಲ್ಲ, ಇದಕ್ಕೊಂದಕ್ಕೆ ಹೇಗೆ ಬಿಡಲಿ ಎಂದಿದ್ದರು. ಆ ಮಾತು ಗಂಡ ಹೆಂಡಿರ ನಡುವೆ ಅಲ್ಲೇ ಉಳಿದಿತ್ತು. ಈಗ ಮಗಳು ಅದನ್ನು ಬರೆದುಕೊಳ್ಳುತ್ತಿದ್ದರೆ ಮಹಮೂದಾಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ತಾನು ಹೇಳಿದ್ದನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಜುಲೈ ತಿಂಗಳಲ್ಲಿ ಹಾವೇರಿಯಲ್ಲಿ ಎರಡು ದಿನದ ವಿಚಾರ ಸಂಕಿರಣ ನಡೆಯಿತು. ದಿಲ್ಲಿಯಿಂದ ಇಬ್ಬರು, ಹೊರದೇಶದಿಂದ ಒಬ್ಬ ಹೆಣ್ಣುಮಗಳು ಬಂದಿದ್ದರಂತೆ. ಜರೀನಾ ಅಲ್ಲಿ ತನ್ನ ಪ್ರಬಂಧದ ಒಂದು ಭಾಗ ಓದಿದಳು. ಚಪ್ಪಾಳೆ ಬಿತ್ತು, ಹೊರದೇಶದ ಹೆಂಗಸು ಎದ್ದು ಬಂದು ಕೈ ಕುಲುಕಿ, ನಿನ್ನ ತಂದೆಯನ್ನು ನೋಡಬೇಕು ಎಂದಳಂತೆ. ಜರೀನಾ ಬಸ್ಸಿಳಿದು ಓಣಿಯಲ್ಲಿ ಓಡಿಕೊಂಡೇ ಬಂದಿದ್ದಳು. ಅವತ್ತು ಮನೆಯಲ್ಲಿ ಶಾವಿಗೆ ಪಾಯಸ ಆಯಿತು. ಮಾಸ್ತರರು ಒಂದು ಬಟ್ಟಲು ಹೆಚ್ಚಿಗೆ ಹಾಕಿಸಿಕೊಂಡರು. ಮಗಳು ಏನು ಓದಿದಳೆಂದು ಅವರು ಕೇಳಲಿಲ್ಲ. ತನ್ನ ಬಗ್ಗೆ ಬರೆದದ್ದನ್ನು ತಾನೇ ಕೇಳುವುದು ಅವರಿಗೆ ಸಂಕೋಚ.

ನಾಲ್ಕನೇ ದಿನಕ್ಕೆ ಅದು ಪತ್ರಿಕೆಯಲ್ಲಿ ಬಂತು, ಸಂಕಿರಣಕ್ಕೆ ಬಂದಿದ್ದ ವರದಿಗಾರನೊಬ್ಬ ಬರೆದದ್ದು. ಮಾಸ್ತರರ ನಿವೃತ್ತಿಯ ದಿನದ ಫೋಟೋ, ಕೊರಳಲ್ಲಿ ಹಾರ. ಮೇಲೆ ದಪ್ಪ ಅಕ್ಷರದಲ್ಲಿ: ಬಿಸ್ಮಿಲ್ಲಾ ಹೇಳಿ ಪುರಾಣ ಓದುವ ಮಾಸ್ತರ.

ಅದನ್ನು ಮನೆಗೆ ತಂದವನು ಮಗ ದಿಲಾವರ. ಅವನದೊಂದು ಸಣ್ಣ ಗೂಡ್ಸ್ ಗಾಡಿ. ಪೇಟೆಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಕೋಲ್ಡ್ ಸ್ಟೋರೇಜಿಗೆ ಬಿಟ್ಟು ಬರುತ್ತಿದ್ದ. ರಾಣೇಬೆನ್ನೂರಿನ ಶಮಶೇರಸಾಬರ ಮಗಳ ಜೊತೆ ಅವನ ನಿಶ್ಚಿತಾರ್ಥ ಆಗಿತ್ತು, ರಂಜಾನ್ ಹಬ್ಬ ಮುಗಿದ ಮೇಲೆ ಲಗ್ನ. ಮಧ್ಯಾಹ್ನ ಊಟಕ್ಕೆ ಕೂತವನು ಪತ್ರಿಕೆಯನ್ನು ತಾಟಿನ ಪಕ್ಕ ಹಾಸಿದ. ಮಾವನ ಮನೆಯಿಂದ ಆಗಲೇ ಎರಡು ಸಲ ಫೋನು ಬಂದಿತ್ತು. ಪೇಟೆಯಲ್ಲಿ ಹಮಾಲರು ಅವನನ್ನು ಕಂಡ ಕೂಡಲೇ, ಚೀಲ ಹೊರೂ ಮುಂದ ಏನ ಅನ್ನಬೇಕಪಾ ದಿಲಾವರ, ಹೇಳಿಕೊಡು ಎಂದು ನಕ್ಕಿದ್ದರಂತೆ.

“ಮೂವತ್ತೆರಡು ಪುಟ ಬರದೇನಿ ಭಾಯಿ,” ಎಂದಳು ಜರೀನಾ. “ಅದರಾಗ ಒಂದ ಸಾಲು ಅದು.”

“ಮಂದಿ ಓದಿದ್ದು ಆ ಒಂದ ಸಾಲನ್ನ. ಉಳಿದ ಮೂವತ್ತೆರಡು ಪುಟ ನೀನ ಓದಕೋತ ಕುಂದ್ರು.”

“ಸುಳ್ಳೇನ ಬರದಿಲ್ಲಲ್ಲ.”

“ಖರೇ ಅಂತ ಹೇಳಿ ನಮ್ಮ ಬಚ್ಚಲ ಮನಿ ಸುದ್ದೀನೂ ಬರೀತಿಯೇನು?”

ಮಾಸ್ತರರು ರೊಟ್ಟಿ ಮುರಿಯುತ್ತಿದ್ದರು. ಮಗಳ ಕಡೆಗೆ ನೋಡಲಿಲ್ಲ, ಮಗನ ಕಡೆಗೂ ನೋಡಲಿಲ್ಲ. ತಲೆಯೆತ್ತಿ ಒಂದು ಗಳಿಗೆ ಮಹಮೂದಾಳನ್ನು ನೋಡಿದರು. ಬದನೆಕಾಯಿ ಪಲ್ಯ ಬಡಿಸುತ್ತಿದ್ದ ಸೌಟು ಅವಳ ಕೈಯಲ್ಲಿ ಹಾಗೆಯೇ ನಿಂತಿತು. ಆ ಮಾತು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ. ಅವರು ಪಲ್ಯಕ್ಕೆ ತಾಟು ಮುಂದೆ ಮಾಡಿದರು.

ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ದನಿ ಏಳಲಿಲ್ಲ. ಹಾಲೇಶಪ್ಪನ ಮನೆಯಲ್ಲಿ ಕೂತು ನೋಡಿಕೊಳ್ಳುತ್ತೇನೆ ಎಂದು ಹೇಳಿ ಮಾಸ್ತರರು ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಹೊರಟರು. ಅದರ ಮರುದಿನವೂ ಹಾಗೆಯೇ. ಒಲೆಯ ಮುಂದೆ ಮಹಮೂದಾಳಿಗೆ ರೊಟ್ಟಿ ಬಡಿಯುವ ತನ್ನ ಕೈಯ ಸಪ್ಪಳವೇ ದೊಡ್ಡದಾಗಿ ಕೇಳತೊಡಗಿತು.

ಆ ವಾರ ಗುಡಿಯ ಕಮಿಟಿಯ ಮಲ್ಲೇಶಪ್ಪ ಹಾಲೇಶಪ್ಪರನ್ನು ಜೊತೆಗೆ ಕರೆದುಕೊಂಡು ಮನೆಗೆ ಬಂದರು. ಮಲ್ಲೇಶಪ್ಪ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವರು, ಮೃದು ಮಾತಿನ ಮನುಷ್ಯ. ಚಹಾ ಕುಡಿದರು, ಮಳೆಯ ಮಾತಾಡಿದರು, ಮಗನ ಲಗ್ನದ ಮಾತು ಕೇಳಿದರು. ಆಮೇಲೆ ಕಪ್ಪನ್ನು ಕೆಳಗಿಟ್ಟು, ತಮ್ಮದೇನೂ ತಕರಾರಿಲ್ಲ, ಓಣಿಯ ಕೆಲವು ಹುಡುಗರು ಪತ್ರಿಕೆ ಹಿಡಿದು ಕೇಳುತ್ತಿದ್ದಾರೆ, ನಮ್ಮ ಗುಡಿಯೊಳಗೆ ಬೇರೆಯ ಮಂತ್ರ ಹೇಗೆ ಎನ್ನುತ್ತಿದ್ದಾರೆ ಎಂದರು. ಹಾಗೇನಿಲ್ಲ, ಹುಡುಗಿ ತಪ್ಪು ಬರೆದಿದ್ದಾಳೆ ಎಂದು ಮಾಸ್ತರರು ನಾಲ್ಕು ಸಾಲು ಬರೆದು ಅದೇ ಪತ್ರಿಕೆಗೆ ಕೊಟ್ಟುಬಿಟ್ಟರೆ ಮುಗಿಯಿತು. ಇಲ್ಲವಾದರೆ ಈ ಸಲ ಒಂದು ವರ್ಷ ಬೇರೆಯವರಿಂದ ಓದಿಸುವುದು.

ಹಾಲೇಶಪ್ಪ ಅಷ್ಟು ಹೊತ್ತು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಳ್ಳುತ್ತಾ ಕೂತಿದ್ದರು.

“ಮಲ್ಲೇಶಪ್ಪಾ, ಅರ್ಥ ಹೇಳೂ ಮುಂದ ನನ್ನ ಮನಸಿನ್ಯಾಗ ನಮ್ಮ ಎಮ್ಮಿ ಇವತ್ತ ಈದೀತೋ ನಾಳೆ ಈದೀತೋ ಅಂತ ಇರತೈತಿ. ಅದನ್ನೂ ಒಂದ ಕಾಗದದಾಗ ಬರಕೊಡಲೇನು?”

ಮಲ್ಲೇಶಪ್ಪ ನಕ್ಕರು. ನಕ್ಕರೂ, ಎಮ್ಮೆಯ ಸುದ್ದಿ ಪೇಪರಿನಲ್ಲಿ ಬಂದಿಲ್ಲವಲ್ಲ ಹಾಲೇಶಪ್ಪ ಎಂದು ಎದ್ದರು.

ಬಾಗಿಲ ಮರೆಯಲ್ಲಿ ನಿಂತಿದ್ದ ಮಹಮೂದಾಳ ಹತ್ತಿರ ಬಂದು ಹಾಲೇಶಪ್ಪ ತಗ್ಗಿದ ದನಿಯಲ್ಲಿ ಹೇಳಿದರು: “ತಂಗೀ, ಇಪ್ಪತ್ತಾರು ವರ್ಷ ಅವನ ಬಾಜೂಕ ಕುಂತೇನಿ, ನನಗ ಗೊತ್ತಾಗಿದ್ದಿಲ್ಲ ನೋಡು. ನನಗ ಹೇಳಿದ್ರ ನಾ ಏನ ಅಂತಿದ್ದೆ?” ಅವರಿಗೆ ಬೇಸರವಾದದ್ದು ಆ ಹೆಸರಿನಿಂದಲ್ಲ, ತಮ್ಮಿಂದ ಮುಚ್ಚಿಟ್ಟದ್ದರಿಂದ ಎಂಬುದು ಅವಳಿಗೆ ತಿಳಿಯಿತು.

ಭಾನುವಾರ ರಾಣೇಬೆನ್ನೂರಿನಿಂದ ಶಮಶೇರಸಾಬರು ಬಂದರು. ಜೊತೆಗೆ ತಮ್ಮ ಮೊಹಲ್ಲಾದ ಹಿರಿಯರೊಬ್ಬರನ್ನು ಕರೆತಂದಿದ್ದರು. ಹಿರಿಯರ ಮಾತೂ ಮೃದುವೇ. ಪುರಾಣ ಓದುವುದು ಮಾಸ್ತರರ ವಿದ್ಯೆ, ಶಾಲೆಯಲ್ಲಿ ಕಲಿಸಿದ ಹಾಗೆ ಎಂದುಕೊಳ್ಳಬಹುದು. ಆದರೆ ಅದಕ್ಕೆ ಅಲ್ಲಾಹನ ಹೆಸರು ಹಚ್ಚುವುದು ಹೇಗೆ ಎಂದು ಕೇಳಿದರು. ಹುಡುಗಿ ತಪ್ಪು ಬರೆದಿದ್ದರೆ ಹಾಗಂತ ಪತ್ರಿಕೆಯಲ್ಲಿ ಬರಲಿ, ಬೀಗತನಕ್ಕೆ ಏನೂ ತೊಂದರೆಯಿಲ್ಲ ಎಂದರು. ಹೊರಡುವಾಗ ಶಮಶೇರಸಾಬರು ದಿಲಾವರನ ಹೆಗಲ ಮೇಲೆ ಕೈಯಿಟ್ಟು, ಮನೆಯಲ್ಲಿ ಹೆಂಗಸರು ಅಳುತ್ತಿದ್ದಾರಪ್ಪಾ, ಶ್ರಾವಣದೊಳಗೆ ಒಂದು ತೀರ್ಮಾನ ಆಗಲಿ ಎಂದರು. ಮಹಮೂದಾ ಅವತ್ತು ಬಿರಿಯಾನಿ ಮಾಡಿದ್ದಳು. ಬೀಗರು ಬರೀ ನೀರು ಕುಡಿದು ಹೋಗಿದ್ದರಿಂದ ಅದು ಎರಡು ದಿನ ಮನೆಯವರಿಗೇ ಆಯಿತು.

ಗುಡಿಯವರು ಕೇಳಿದ್ದೂ ಅದೇ, ಬೀಗರು ಕೇಳಿದ್ದೂ ಅದೇ. ನಾಲ್ಕು ಸಾಲು.

ಜರೀನಾ ಹಾವೇರಿಗೆ ಹೋಗಿ ಗೈಡನ್ನು ಕೇಳಿ ಬಂದಳು. ಮೊದಲೇ ಹೆಸರು, ಊರು ಬದಲಿಸಿ ಬರೆಯಬೇಕಿತ್ತು ಎಂದು ಅವರು ಈಗ ಹೇಳಿದರಂತೆ. ಈಗ ತಂದೆಯೇ ಅಲ್ಲಗಳೆದು ಪತ್ರಿಕೆಗೆ ಬರೆದರೆ, ಮಗಳು ಕಟ್ಟಿ ಬರೆದಳು ಎಂದಾಗುತ್ತದೆ. ಆ ಅಧ್ಯಾಯವನ್ನೇ ತೆಗೆಯಬೇಕಾಗುತ್ತದೆ. ಆ ಅಧ್ಯಾಯ ಹೋದರೆ ಪ್ರಬಂಧದಲ್ಲಿ ಉಳಿಯುವುದು ಬೇರೆಯವರ ಪುಸ್ತಕದಿಂದ ಎತ್ತಿದ ಮಾತು.

ಸಂಜೆ ನಾಲ್ಕೂ ಜನ ನಡುಮನೆಯಲ್ಲಿ ಮೆಣಸಿನಕಾಯಿ ರಾಶಿಯ ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಹಾಗಾಗಿ ಯಾರು ಅಳುತ್ತಿದ್ದಾರೆ, ಯಾರಿಲ್ಲ ಎಂದು ಹೇಳುವಂತಿರಲಿಲ್ಲ.

“ನಿನ್ನ ಡಿಗ್ರಿ ದೊಡ್ಡದೋ ನನ್ನ ಲಗ್ನ ದೊಡ್ಡದೋ, ಅಷ್ಟ ಹೇಳು,” ಎಂದ ದಿಲಾವರ.

“ನನ್ನ ಕೇಳಬ್ಯಾಡ. ಸಹಿ ಮಾಡವರನ್ನ ಕೇಳು.”

“ಬರಿಯೂ ಮುಂದ ನೀ ಕೇಳಿದ್ಯೇನು ಅವರನ್ನ?”

ಜರೀನಾ ಕೇಳಿರಲಿಲ್ಲ. ತಾಯಿಯನ್ನು ಕೇಳಿದ್ದಳು, ತಂದೆಯನ್ನು ಕೇಳಿರಲಿಲ್ಲ. ತಾಯಿಯ ಹೆಸರನ್ನು ಅವಳು ಇಷ್ಟು ದಿನ ಯಾರ ಮುಂದೆಯೂ ಎತ್ತಿರಲಿಲ್ಲ, ಈಗಲೂ ಎತ್ತಲಿಲ್ಲ. ಅದು ಮಹಮೂದಾಳಿಗೆ ತಡೆಯಲಾಗಲಿಲ್ಲ.

“ನಾ ಹೇಳಿದ್ದು,” ಎಂದಳು. “ನಾನ ಹೇಳಿದ್ದು, ಅಕಿ ಬರಕೊಂಡ್ಳು. ಅಮ್ಮಿ ಸುಳ್ಳ ಹೇಳಿದ್ಳು ಅಂತ ಬರದು ಕಳಸ್ರಿ. ನನಗ ಯಾವ ಡಿಗ್ರಿ ಬೇಕು, ಯಾವ ಗುಡಿ ಬೇಕು.”

ಮಾಸ್ತರರು ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಗುಂಪಿಗೆ ಹಾಕಿದರು.

“ನಿನ್ನ ಹೆಸರು ಪೇಪರಿನ್ಯಾಗ ಬರೂದು ಬ್ಯಾಡ.”

“ಹಂಗಾರ ನನಗ ಒಂದ ಮಾತು ಬೈದರೆ ಬಿಡ್ರಿ. ಹದಿನೈದು ದಿವಸ ಆತು, ಮನ್ಯಾಗ ಒಂದ ಪದ್ಯ ಇಲ್ಲ.”

“ನೀ ಏನ ಸುಳ್ಳ ಹೇಳೀಯೇನು, ಬಯ್ಯಾಕ?”

ಅಷ್ಟು ಹೇಳಿ ಅವರು ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದರು. ಘಾಟು ಹೋಗಲೆಂದು ಕೊಬ್ಬರಿ ಎಣ್ಣೆ ತಿಕ್ಕಿ ಇನ್ನೊಮ್ಮೆ ತೊಳೆದರು. ಬಂದು, ಮೇಜಿನ ಮೇಲಿನ ಹಾಳೆ ತೆಗೆದುಕೊಂಡು, ಬೋರ್ಡಿನ ಮೇಲೆ ಬರೆಯುವಂಥ ದುಂಡು ಅಕ್ಷರದಲ್ಲಿ ಬರೆದರು. ಬರೆದು ಗಟ್ಟಿಯಾಗಿ ಓದಿದರು: ಪುರಾಣ ಪಠಣಕ್ಕೆ ಮೊದಲು ನಾನು ಪತ್ರಿಕೆಯಲ್ಲಿ ಬಂದಂತೆ ಏನನ್ನೂ ಹೇಳುವುದಿಲ್ಲ. ನನ್ನ ಮಗಳು ತಿಳುವಳಿಕೆ ಸಾಲದೆ ಹಾಗೆ ಬರೆದಿದ್ದಾಳೆ. ಇದರಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ.

“ತಿಳುವಳಿಕೆ ಸಾಲದೆ ಅನ್ನೂದನ್ನ ತಗೀರಿ, ಅಬ್ಬಾ,” ಎಂದಳು ಜರೀನಾ. ದನಿ ಸಮನಾಗಿತ್ತು.

ಅವರು ಅದನ್ನು ಹೊಡೆದುಹಾಕಿ, ಮೇಲೆ ‘ತಪ್ಪಾಗಿ’ ಎಂದು ಬರೆದರು. ಅವಳಿಗೆ ತೋರಿಸಿದರು. ಅವಳು ನೋಡಿದಳು.

“ಎರಡೂ ಒಂದ ಆತು. ಇರಲಿ ಬಿಡ್ರಿ.”

ಸಹಿ ಮಾಡಿದ ಹಾಳೆಯನ್ನು ದಿಲಾವರ ಆಗಲೇ ಗಾಡಿಯಲ್ಲಿ ಹಾವೇರಿಗೆ ಒಯ್ದ. ಹೊರಡುವಾಗ, ಏನಾದರೂ ತರಲೇನು ಎಂದು ತಂಗಿಯನ್ನು ಕೇಳಿದ. ಅವಳು ಮೆಣಸಿನಕಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ನಾಲ್ಕು ಸಾಲು ಬಂತು. ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಆದರೂ ಓದಬೇಕಾದವರು ಓದಿದ್ದರು. ರಾಣೇಬೆನ್ನೂರಿನಿಂದ ಫೋನು ಬಂತು, ಈ ಸಲ ಹೆಂಗಸರೇ ಮಾತಾಡಿದರು, ಸೀರೆಯ ಬಣ್ಣ ಕೇಳಿದರು. ಮಲ್ಲೇಶಪ್ಪ ತಾವೇ ಬಂದು ಕಾಯಿ, ಎಲೆ ಅಡಿಕೆ ಕೊಟ್ಟು, ಎಂದಿನಂತೆ ನೀವೇ ಬರಬೇಕು ಎಂದು ಕರೆದು ಹೋದರು. ಮನೆಮಂದಿ ಎಲ್ಲಾ ಬರ್ರಿ, ನೋಡುವವರ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ ಎಂದು ಹಾಲೇಶಪ್ಪ ಒತ್ತಾಯ ಮಾಡಿದರು. ಹಾಗಾಗಿ ಶ್ರಾವಣದ ಮೊದಲ ಸಂಜೆ ಮಹಮೂದಾ ಬುರ್ಖಾ ತೊಟ್ಟು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಗುಡಿಯ ಅಂಗಳದಲ್ಲಿ ಹೆಂಗಸರ ಸಾಲಿನ ಕಡೆಗೆ ಹೋಗಿ ಕೂತಳು. ಪಕ್ಕದ ಮನೆಯ ಪ್ರೇಮವ್ವ ಸರಿದು ಜಾಗ ಮಾಡಿಕೊಟ್ಟಳು. ಜರೀನಾ ಓದುವುದಿದೆ ಎಂದು ಮನೆಯಲ್ಲೇ ಉಳಿದಿದ್ದಳು.

ಅಂಗಳ ಎಂದಿಗಿಂತ ಹೆಚ್ಚು ತುಂಬಿದೆ ಎಂದಳು ಪ್ರೇಮವ್ವ. ಮುಂದಿನ ಸಾಲಿನಲ್ಲಿ ಓಣಿಯ ಹುಡುಗರು. ಮಾಸ್ತರರು ಬಿಳಿ ಜುಬ್ಬಾ ತೊಟ್ಟು ಮೈಕಿನ ಮುಂದೆ ಕೂತರು, ಪಕ್ಕದಲ್ಲಿ ಹಾಲೇಶಪ್ಪ. ಪುಸ್ತಕಕ್ಕೆ ಸುತ್ತಿದ ಬಟ್ಟೆ ಬಿಚ್ಚಿ, ಕನ್ನಡಕ ಹಾಕಿಕೊಂಡರು. ಆಗ ಗುಡಿಯೊಳಗೆ ಮಾತು ನಿಂತಿತು. ಪುರಾಣಕ್ಕೆ ನಿಲ್ಲುವ ಹಾಗೆ ನಿಲ್ಲಲಿಲ್ಲ. ಹುಡುಗರು, ಹಿರಿಯರು, ಕಂಬಕ್ಕೆ ಒರಗಿದ ಮಲ್ಲೇಶಪ್ಪ, ಎಲ್ಲರೂ ಅವರ ತುಟಿಯನ್ನೇ ನೋಡುತ್ತಿದ್ದರು. ಮಹಮೂದಾ ಸುತ್ತ ನೋಡಿದಳು. ಪ್ರೇಮವ್ವ ಕೂಡ ಕೊರಳು ಚಾಚಿ ನೋಡುತ್ತಿದ್ದಳು. ಗಂಡನ ತುಟಿಯನ್ನು ಇಷ್ಟು ಮಂದಿ ನೋಡುವುದನ್ನು ಕಂಡು, ಅವರ ಮೈಮೇಲಿನ ಬಟ್ಟೆ ಜಾರಿತೋ ಎಂಬಂತೆ ಅವಳಿಗೆ ನಾಚಿಕೆಯಾಗಿ ಕಣ್ಣು ಕೆಳಗೆ ಮಾಡಿದಳು.

ತುಟಿ ಅಲುಗಲಿಲ್ಲ. ಮಾಸ್ತರರು ನೇರವಾಗಿ ಮೊದಲ ಪದ್ಯ ಎತ್ತಿಕೊಂಡರು.

ದನಿಗೆ ಏನೂ ಆಗಿರಲಿಲ್ಲ. ಉಸಿರು ನಿಲ್ಲಬೇಕಾದಲ್ಲಿ ನಿಂತಿತು, ಏರಬೇಕಾದಲ್ಲಿ ಏರಿತು. ಹಾಲೇಶಪ್ಪ ಅರ್ಥ ಹೇಳುತ್ತಾ ಎರಡು ಸಲ ಜನರನ್ನು ನಗಿಸಿದರು. ಮುಗಿದ ಮೇಲೆ ಮಲ್ಲೇಶಪ್ಪ ಶಾಲು ಹೊದಿಸಿದರು. ನಿಮ್ಮ ಮನೆಯವರ ಕಂಠ ಈ ಸಲ ಇನ್ನೂ ಚೆನ್ನಾಗಿ ಬಂತು ಎಂದು ಪ್ರೇಮವ್ವ ಮಹಮೂದಾಳ ಕೈ ಹಿಡಿದು ಹೇಳಿದಳು. ಮುಂದಿನ ಸಾಲಿನ ಹುಡುಗನೊಬ್ಬ ಮಾಸ್ತರರ ಕಾಲಿಗೂ ಬಿದ್ದ.

ಮನೆಗೆ ಬಂದು ಅವರು ಶಾಲನ್ನು ಗೂಟಕ್ಕೆ ಹಾಕಿ ಊಟಕ್ಕೆ ಕೂತರು. ಮಹಮೂದಾ ಜೋಳದ ರೊಟ್ಟಿ, ಹೆಸರುಕಾಳು ಬಡಿಸಿ ಎದುರಿಗೆ ಕೂತಳು. ಕೇಳಬಾರದೆಂದಿದ್ದಳು.

“ಅನ್ನಲಿಲ್ಲೇನ್ರಿ?”

“ಇಲ್ಲ.”

“ಮನಸಿನ್ಯಾಗ ಯಾರಿಗೆ ಕಾಣತೈತಿ. ಮನಸಿನ್ಯಾಗ ಅಂದಿರಬೇಕಲ್ಲ.”

“ಮನಸಿನ್ಯಾಗೂ ಅನ್ನಲಿಲ್ಲ.” ಮಾಸ್ತರರು ರೊಟ್ಟಿಯ ತುಂಡನ್ನು ಕಾಳಿನಲ್ಲಿ ಅದ್ದಿ ಹಾಗೆಯೇ ಹಿಡಿದುಕೊಂಡಿದ್ದರು. “ಹೇಳೂದಿಲ್ಲ ಅಂತ ಸಹಿ ಮಾಡಿ ಕೊಟ್ಟೇನಿ. ಇವತ್ತ ಅಂದ್ರ ಆ ಸಹಿ ಸುಳ್ಳಾಗತೈತಿ. ಇಷ್ಟ ವರ್ಷ ಹುಡುಗರಿಗೆ ಏನ ಕಲಿಸಿದ್ನಿ ನಾ?”

“ಇನ್ನ ಮ್ಯಾಲೂ ಅನ್ನೂದಿಲ್ಲೇನ್ರಿ?”

“ಇಪ್ಪತ್ತೊಂಬತ್ತು ದಿವಸ ಐತಿ. ಓದತೇನಿ ಅಂತ ಎಲೆ ಅಡಿಕಿ ಹಿಡದೇನಿ.”

ಆ ತುಂಡನ್ನು ಅವರು ತಾಟಿಗೆ ಮರಳಿ ಇಟ್ಟರು. ಒಳಗಿನ ಕೋಣೆಯಲ್ಲಿ ಜರೀನಾ ಹಾಳೆ ತಿರುವುವ ಸಪ್ಪಳ ಅಷ್ಟು ಹೊತ್ತು ಕೇಳುತ್ತಿತ್ತು, ಈಗ ನಿಂತಿತ್ತು.

ಎರಡನೆಯ ದಿನ ಮಹಮೂದಾ ಗುಡಿಗೆ ಹೋಗಲಿಲ್ಲ. ಮಾಸ್ತರರು ಕೈ ಕಾಲು ಮುಖ ತೊಳೆದು ಹೊರಟು ಹೋದರು. ದಿಲಾವರ ಗಾಡಿ ತೊಳೆಯುತ್ತಿದ್ದ. ಅವಳು ಒಲೆ ಹಚ್ಚಿ ಹಂಚು ಇಟ್ಟಳು. ಗುಡಿಯ ಮೈಕು ಒಮ್ಮೆ ಕೂಗಿಕೊಂಡಿತು, ಯಾರೋ ಅದನ್ನು ಬೆರಳಿನಿಂದ ಬಡಿದರು, ಹಾಲೇಶಪ್ಪರ ಕೆಮ್ಮು ಕೇಳಿತು, ಆಮೇಲೆ ಓಣಿಯ ತುಂಬ ಬರೀ ಗರ್ ಎನ್ನುವ ಸಪ್ಪಳ. ಅವರು ಪುಸ್ತಕ ಬಿಚ್ಚಿದ್ದಾರೆ, ಕನ್ನಡಕ ಹಾಕಿಕೊಂಡಿದ್ದಾರೆ, ಎಲ್ಲರೂ ನೋಡುತ್ತಿದ್ದಾರೆ. ಇನ್ನೊಂದು ಗಳಿಗೆಗೆ ಪದ್ಯ.

ಮಹಮೂದಾ ಹಂಚಿನ ಮೇಲಿನ ರೊಟ್ಟಿಯನ್ನು ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿಟ್ಟು ಮೆತ್ತಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವರ ಪಾಲಿನದನ್ನು ತಾನು ಹೇಳಿದಳು. ಅದರ ಹಿಂದೆಯೇ ಪದ್ಯ ಎದ್ದಿತು.

ಅಡುಗೆಮನೆಯ ಬಾಗಿಲಲ್ಲಿ ಜರೀನಾ ನೀರಿಗೆಂದು ತಂಬಿಗೆ ಹಿಡಿದು ನಿಂತಿದ್ದಳು. ತಾಯಿಯ ತುಟಿ ಅಲುಗಿದ್ದನ್ನು ನೋಡಿದಳು. ಏನು ಅಂದಿ ಅಮ್ಮೀ ಎಂದು ಕೇಳಲಿಲ್ಲ. ಒಳಗೆ ಬಂದು, ಸೀದುಹೋಗುತ್ತಿದ್ದ ರೊಟ್ಟಿಯನ್ನು ಮಗುಚಿ ಹಾಕಿ, ನೀರು ತುಂಬಿಕೊಂಡು ಹೋದಳು.

ಮುಂದೆ ಆ ಶ್ರಾವಣದ ಪ್ರತಿ ಸಂಜೆ ಮಹಮೂದಾ ಹಾಗೆಯೇ ಮಾಡಿದಳು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದರೆ ಅದು ಸಲ್ಲುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತಿಳಿದವರು ಊರಲ್ಲಿ ಇದ್ದರು. ಕೇಳಬೇಕೆಂದರೆ ಎಲ್ಲವನ್ನೂ ಅವರಿಗೆ ಹೇಳಬೇಕಾಗುತ್ತಿತ್ತು.